ಕುರಿಯ ಹಿಂದೆ ಕಾರು, ಕಾರಿನ ಹಿಂದೆ ಕುರಿ

ಮಧುಗಿರಿಯ ಡ್ರೈವರ್ ಕ್ಯಾತಪ್ಪ ಕಾರು ಓಡಿಸುವುದನ್ನು ನೋಡಿದವರೆಲ್ಲ, ಪಾಪ, ಇವನ ಬೆನ್ನಿಗೆ ಏನೋ ಬಿದ್ದಿದೆ ಅಂದುಕೊಳ್ಳುತ್ತಿದ್ದರು. ಬಿದ್ದದ್ದೂ ನಿಜವೇ. ದೆವ್ವವಲ್ಲ, ಪೊಲೀಸರಲ್ಲ, ಕುರಿ. ಅದೂ ಒಂದೆರಡಲ್ಲ, ಎಂಬತ್ತು ಕುರಿ.

ಮಧುಗಿರಿಯಿಂದ ಹೊರಟು ಶಿರಾ ಇನ್ನೆರಡು ಮೈಲಿ ಇದೆ ಅನ್ನುವಾಗ ರಸ್ತೆಯ ಬಲಕ್ಕೆ ಒಂದು ಹಟ್ಟಿ ಸಿಗುತ್ತದೆ. ಅದು ಕ್ಯಾತಪ್ಪನ ಸೋದರಮಾವ ಬೋರಣ್ಣನ ಹಟ್ಟಿ. ಅಪ್ಪ ಅಮ್ಮನನ್ನು ಬೇಗ ಕಳೆದುಕೊಂಡ ಕ್ಯಾತಪ್ಪ ಅಲ್ಲೇ ಬೆಳೆದ, ಮಾವನ ಕುರಿ ಕಾಯುತ್ತಲೇ ಮೀಸೆ ಬರಿಸಿಕೊಂಡ. ಕುರಿ ಕಾಯುವುದೇನು ಕಡಿಮೆ ಕೆಲಸವಲ್ಲ, ಕಾಯ್ದವರನ್ನು ಕೇಳಿ ನೋಡಬೇಕು. ಆದರೆ ಕ್ಯಾತಪ್ಪನಿಗೂ ಕುರಿಗೂ ಜಾತಕ ಕೂಡಿ ಬರಲಿಲ್ಲ. ಇವನು ಎಡಕ್ಕೆ ಅಂದರೆ ಅವು ಬಲಕ್ಕೆ. ಇವನು ಮರದಡಿ ಕಣ್ಣು ಮುಚ್ಚಿದರೆ ಅವು ಪಕ್ಕದವರ ಕಡಲೆಕಾಯಿ ಹೊಲದಲ್ಲಿ. ಮೇಯುವುದು ಅವು, ಬೈಸಿಕೊಳ್ಳುವುದು ಇವನು! ಒಂದು ದಿನ ಕೋಲನ್ನು ಬೇಲಿಗೆ ಒರಗಿಸಿ, ದಾರಿಯಲ್ಲಿ ಹೋಗುತ್ತಿದ್ದ ಲಾರಿಗೆ ಕೈಯಡ್ಡ ಹಿಡಿದು ಹತ್ತಿದವನು, ಕ್ಲೀನರಾಗಿ, ಡ್ರೈವರಾಗಿ, ಕಡೆಗೆ ಮಧುಗಿರಿಯ ಕಡಲೆಕಾಯಿ ಮಿಲ್ಲಿನ ಸಾಹುಕಾರ ರೇಣುಕಯ್ಯನ ಕಪ್ಪು ಕಾರಿನ ಸ್ಟೇರಿಂಗು ಹಿಡಿದು ಕೂತ. ಖಾಕಿ ಅಂಗಿ, ಜೇಬಿನಲ್ಲಿ ಬಾಚಣಿಗೆ, ಕತ್ತಿಗೆ ಕರ್ಚೀಫು. ಯಾರಾದರೂ "ಡ್ರೈವರ್ರೇ" ಅಂತ ಕರೆದರೆ ಆ ಹೊತ್ತಿನ ಊಟ ಇಲ್ಲದಿದ್ದರೂ ನಡೆಯುತ್ತಿತ್ತು ಅವನಿಗೆ.

ಆ ಒಂದು ಮಾತು ಬೋರಣ್ಣನ ಬಾಯಲ್ಲಿ ಮಾತ್ರ ಬರಲೊಲ್ಲದು. "ಕುರಿ ಬುಟ್ಟು ಓಡೋದೋನು" ಅನ್ನುವುದೇ ಅವನು ಅಳಿಯನಿಗಿಟ್ಟ ಹೆಸರು. ಮಗಳು ನಾಗಕ್ಕನನ್ನು ಕ್ಯಾತಪ್ಪನಿಗೇ ಕೊಟ್ಟ, ಕೊಡದೆ ಏನು, ಸ್ವಂತ ಅಕ್ಕನ ಮಗ. ಆದರೆ ಕೊಡುವಾಗ ಹಟ್ಟಿಯ ಹಿರಿಯರ ಮುಂದೆ ವೀಳ್ಯದೆಲೆ ಹಿಡಿಸಿ ಮಾತು ತೆಗೆದುಕೊಂಡ.

"ನೋಡ್ಲಾ ಕ್ಯಾತ, ಆ ಕರೀ ಡಬ್ಬ ಇರೋಗಂಟ ನಿನ್ನಿಷ್ಟ. ಡಬ್ಬ ಹೋದ ದಿನ ನೀನು ಹಟ್ಟಿಗೆ ಬಂದು ನನ್ನ ಕುರಿ ಹಿಂದೆ ನಿಲ್ಬೇಕು. ಆಯ್ತದೋ ಇಲ್ವೋ?"

ಕ್ಯಾತಪ್ಪ ನಾಗಕ್ಕನ ಕಡೆ ನೋಡಿದ. ಅವಳು ಸೆರಗಿನ ಮರೆಯಲ್ಲಿ ನಗುತ್ತಿದ್ದಳು. "ಆಯ್ತದೆ ಮಾವ" ಅಂದುಬಿಟ್ಟ. ಎಲೆ ಹಿಡಿದು ಕೊಟ್ಟ ಮಾತು ತಪ್ಪಿದವನಿಗೆ ಆ ಸೀಮೆಯಲ್ಲಿ ಒಂದು ಲೋಟ ನೀರು ಕೊಡುವವರೂ ಇಲ್ಲ. ಅವತ್ತಿನಿಂದ ಕ್ಯಾತಪ್ಪ ಆ ಕಾರನ್ನು ಹೆಂಡತಿಗಿಂತ ಒಂದು ಗುಲಗಂಜಿ ಹೆಚ್ಚೇ ಜೋಪಾನ ಮಾಡಿದ.

ಹೀಗಿರುವಾಗ ಎಪ್ಪತ್ತನಾಲ್ಕನೇ ಇಸವಿ ಬಂತು, ಪೆಟ್ರೋಲಿನ ರೇಟು ಮೇಲೇರಿತು. ಎಲ್ಲೋ ಅರಬ್ಬರ ದೇಶದಲ್ಲಿ ಯಾರೋ ನಲ್ಲಿ ತಿರುಗಿಸಿದರೆ ಮಧುಗಿರಿಯಲ್ಲಿ ರೇಣುಕಯ್ಯನ ಎದೆ ಹಿಡಿದುಕೊಂಡಿತು. ಒಂದು ಬೆಳಿಗ್ಗೆ ಮಿಲ್ಲಿನ ಜಗುಲಿಗೆ ಕ್ಯಾತಪ್ಪನನ್ನು ಕರೆಸಿದ.

"ಲೀಟರಿಗೆ ಎಷ್ಟು ಕೊಡ್ತದಯ್ಯಾ ನಮ್ಮ ಕಾರು?"

"ಏಳು ಕಿಲೋಮೀಟ್ರು ಸಾವ್ಕಾರ್ರೇ."

"ಏಳು! ನಮ್ಮ ತಾತ ಎರಡು ಸೇರು ಹುರುಳಿ ಬೇಯಿಸಿ ಹಾಕಿ ಎತ್ತಿನಗಾಡೀಲಿ ಪಾವಗಡಕ್ಕೆ ಹೋಗಿ ಬರ್ತಿದ್ದ, ಗೊತ್ತೇನಯ್ಯಾ? ಕೇಳಿಲ್ಲಿ. ಬರೋ ವಾರ ಟ್ಯಾಂಕು ಕುತ್ತಿಗೆಮಟ್ಟ ತುಂಬ್ಸೋದು. ಶಿರಾಕ್ಕೆ ಹೋಗಿ ಬರೋದು, ಎಂಬತ್ತು ಕಿಲೋಮೀಟ್ರು. ಬಂದ ಮೇಲೆ ತಿರುಗಿ ಕುತ್ತಿಗೆಮಟ್ಟ ತುಂಬ್ಸೋದು. ಎಂಟು ಲೀಟರೊಳಗೆ ಹಿಡಿದ್ರೆ ನೀನೇ ನನ್ನ ಡ್ರೈವರು. ಒಂದು ತೊಟ್ಟು ಮೀರಿದ್ರೆ ಕಾರು ಮಾರಿ ಜೋಡೆತ್ತು ತರ್ತೀನಿ."

ಕ್ಯಾತಪ್ಪನಿಗೆ ಕಿವಿಯಲ್ಲಿ ಬ್ಯಾ ಬ್ಯಾ ಅನ್ನುವ ಸದ್ದು ಕೇಳಿಸಿತು.

ರೇಣುಕಯ್ಯ ಸುಮ್ಮನೆ ಹೆದರಿಸುವ ಜಾತಿಯವನಲ್ಲ, ಸಹಾಯವನ್ನೂ ಮಾಡಿದ. ಪೆಟ್ರೋಲ್ ಬಂಕಿನಲ್ಲಿ ಹಂಚುತ್ತಿದ್ದ ಒಂದು ಕರಪತ್ರ ತಂದು ಮಡಿಕೆ ಬಿಚ್ಚಿದ. ಅದನ್ನು ಬರೆದ ಪುಣ್ಯಾತ್ಮ ಕಾರು ಹತ್ತಿದವನೋ ಇಲ್ಲವೋ, ವ್ಯಾಕರಣ ಪಂಡಿತನಂತೂ ಹೌದು. 'ವೇಗವರ್ಧಕವನ್ನು ಮೃದುವಾಗಿ ಬಳಸಿರಿ. ಪ್ರಯಾಣಕ್ಕೆ ಮುನ್ನ ವಾಯುವಿನ ಒತ್ತಡವನ್ನು ಪರೀಕ್ಷಿಸಿಕೊಳ್ಳಿರಿ. ಅನವಶ್ಯಕ ಭಾರವನ್ನು ವರ್ಜಿಸಿರಿ.'

"ವೇಗವರ್ಧಕ ಅಂದ್ರೇನ್ಲಾ?"

"ಯಾವ್ದೋ ಟಾನಿಕ್ಕು ಇರ್ಬೇಕು ಸಾವ್ಕಾರ್ರೇ."

"ಹಂಗಾದ್ರೆ ಅದು ಬ್ಯಾಡ, ಖರ್ಚು. ಮುಂದಿಂದು ನೋಡು, ವಾಯುವಿನ ಒತ್ತಡ. ಇದು ಸರಿಯಾಗಿ ಬರೆದವ್ನೆ. ನನಗೆ ಇಪ್ಪತ್ತು ವರ್ಷದಿಂದ ಐತೆ." ಹೊಟ್ಟೆ ಸವರಿಕೊಂಡ.

"ಅದು ಟೈರಿನ ಗಾಳಿ ವಿಚಾರ ಅಂತ ಕಾಣ್ತದೆ..."

"ಮುಚ್ಚಲೇ! ಟೈರು ಅಂತ ಎಲ್ಲಿ ಬರೆದವ್ನೆ ತೋರ್ಸು!"

ಎಲ್ಲೂ ಬರೆದಿರಲಿಲ್ಲ. ಅವತ್ತಿನಿಂದ ರೇಣುಕಯ್ಯ ಅವರೆಕಾಳು ಬಿಟ್ಟ, ಆಲೂಗಡ್ಡೆ ಬಿಟ್ಟ, ಬೆಳಿಗ್ಗೆ ಸಂಜೆ ಓಮಿನ ಕಷಾಯ ಕುಡಿದ. ಅನವಶ್ಯಕ ಭಾರದ ಸಾಲಿಗೆ ಬಂದಾಗ ಮಿಲ್ಲಿನ ಹೆಣ್ಣಾಳುಗಳೆಲ್ಲ ಕಡಲೆಕಾಯಿ ಕೇರುವುದು ನಿಲ್ಲಿಸಿ ಸಾಹುಕಾರನ ಹೊಟ್ಟೆಯನ್ನೇ ನೋಡಿದರು. ಅವನು ಅದನ್ನು ಗಮನಿಸದೆ ಸ್ಟೆಪ್ನಿ ಇಳಿಸಿದ, ಜಾಕು ಇಳಿಸಿದ, ಹಿಂದಿನ ಸೀಟಿನ ದಿಂಬು ಇಳಿಸಿದ, ಕಿಟಕಿಯ ಪರದೆ ಬಿಚ್ಚಿದ. ಗಣಪತಿಯ ಪುಟ್ಟ ವಿಗ್ರಹವನ್ನೂ ಕೈಯಲ್ಲಿ ತೂಗಿ ನೋಡಿ, ಗಲ್ಲ ಬಡಿದುಕೊಂಡು ವಾಪಸು ಇಟ್ಟ. ಇನ್ನು ಹಾರ್ನು. ಅದರ ವಿಚಾರ ಕರಪತ್ರದಲ್ಲಿ ಇರಲಿಲ್ಲ, ರೇಣುಕಯ್ಯನ ಸ್ವಂತ ಸಂಶೋಧನೆ.

"ಹಾರ್ನು ಬ್ಯಾಟ್ರಿ ತಿಂತದೆ. ಬ್ಯಾಟ್ರಿ ಡೈನಮೋ ತಿಂತದೆ. ಡೈನಮೋ ಇಂಜಿನ್ ತಿಂತದೆ. ಇಂಜಿನ್ ಪೆಟ್ರೋಲ್ ತಿಂತದೆ, ಪೆಟ್ರೋಲು ನನ್ನ ತಿಂತದೆ. ಹಾರ್ನು ಮುಟ್ಟಿದ್ಯೋ, ಕೈ ಕತ್ತರಿಸ್ತೀನಿ."

ವೇಗವರ್ಧಕ ಅಂದರೆ ಕಾಲಲ್ಲಿ ತುಳಿಯುವ ಎಕ್ಸ್‌ಲೇಟರು ಅಂತ ಮಾರನೆಯ ದಿನ ಹೈಸ್ಕೂಲಿನ ಮೇಷ್ಟರನ್ನು ಕೇಳಿ ತಿಳಿದುಕೊಂಡ ಕ್ಯಾತಪ್ಪನಿಗೆ ಜೀವ ಇನ್ನೂ ಹಾರಿತು. ಮೃದುವಾಗಿ ತುಳಿಯಬೇಕಂತೆ! ಸ್ಟೇರಿಂಗು ಹಿಡಿದಾಗಿನಿಂದ ಅವನು ಅದನ್ನು ಚೇಳು ಕಂಡವನಂತೆ ತುಳಿದೇ ಗೊತ್ತು. ಹೊರಟರೆ ರೊಯ್ಯನೆ ಹೊರಡುವುದು, ನಿಂತರೆ ಕಿರ್ರನೆ ನಿಲ್ಲುವುದು. ಈ ಕಾಲು ಹಿಡಿಯುವುದು ಹೇಗೆ? ರಾತ್ರಿ ಮುದ್ದೆ ಮುರಿಯುತ್ತ ಹೆಂಡತಿಯ ಹತ್ತಿರ ಎಲ್ಲ ಹೇಳಿಕೊಂಡ. "ಎಂಟು ಲೀಟರ್ ಮೀರಿದ್ರೆ ಮುಗೀತು ಕಣೇ ನಾಗಿ, ನಿಮ್ಮಪ್ಪನ ಕುರಿ ಹಿಂದೆ ಸಾಯ್ಬೇಕು."

ನಾಗಕ್ಕ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನಾಳೆ ನನ್ನ ಕೂರಿಸ್ಕೊಂಡು ಓಡ್ಸು, ನೋಡ್ತೀನಿ" ಅಂದಳು.

ಮಾರನೆಯ ಬೆಳಿಗ್ಗೆ ಟೈರಿಗೆ ಗಾಳಿ ಹಿಡಿಸುವ ನೆಪದಲ್ಲಿ ಕಾರು ತಂದ. ನಾಗಕ್ಕ ಮುಂದಿನ ಸೀಟಿನಲ್ಲಿ ಕೂತು, ಕಂಠಮಟ್ಟ ಮಜ್ಜಿಗೆ ತುಂಬಿದ ಚೊಂಬನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕೊರಟಗೆರೆ ರಸ್ತೆಯಲ್ಲಿ ನೂರು ಗಜ ಹೋಗುವಷ್ಟರಲ್ಲಿ ಅರ್ಧ ಚೊಂಬು ಸೀರೆಗೆ, ಉಳಿದರ್ಧ ಗಣಪತಿಗೆ.

"ಥೂ ನಿನ್ನ! ಕುರಿ ಹಿಂಗೆ ಓಡಿಸಿದ್ರೆ ಸಾಯಂಕಾಲಕ್ಕೆ ಬರೀ ಚರ್ಮ ಮೂಳೆ ಮನೆಗೆ ಬರ್ತವೆ. ಓಡೋ ಕುರಿಗೆ ಕೊಬ್ಬು ನಿಲ್ತದಾ? ನಿನ್ನ ಪೆಟ್ರೋಲೂ ಅಂಗೇ ಕಣ, ಕೊಬ್ಬು ಅದು. ಕುರಿ ಓಡ್ಸಬಾರ್ದು, ನಡೆಸ್ಬೇಕು. ಮುಂದೆ ಹಳ್ಳ ಬತ್ತದೋ ಗಾಡಿ ಬತ್ತದೋ ದೂರದಿಂದ್ಲೇ ನೋಡ್ಬೇಕು. ಹತ್ರ ಬಂದ ಮ್ಯಾಕೆ ಕೋಲು ಎತ್ತಿದ್ರೆ ಕುರೀಗೂ ಕಷ್ಟ, ನಿನಗೂ ಕಷ್ಟ. ಇಳಿಜಾರು ಬಂದ್ರೆ ಅವನ್ನ ಅವುಗಳ ಪಾಡಿಗೆ ಬುಡ್ಬೇಕು."

"ಕಾರಿಗೆ ಕುರಿ ಹೋಲಿಸ್ತೀಯಲ್ಲೇ!"

"ಮಜ್ಜಿಗೆ ಚೆಲ್ಲಿದ ದಿನ ಮನೇಲಿ ಮಜ್ಜಿಗೆ ಇಲ್ಲ. ಅಷ್ಟೇ ನಾನು ಹೇಳೋದು."

ಮೂರು ದಿನ ಕ್ಯಾತಪ್ಪ ಬರೀ ಉಪ್ಪು ಖಾರಕ್ಕೆ ಮುದ್ದೆ ನುಂಗಿದ. ನಾಲ್ಕನೆಯ ದಿನ ಕಾಲು ಬೆರಳಿಗೆ ಬುದ್ಧಿ ಬಂತು. ತುಳಿಯುವುದು ಬಿಟ್ಟು ಸವರಲು ಕಲಿತ. ಎದುರು ಗಾಡಿ ಇನ್ನೂ ಜೋಳದ ಕಾಳಿನಷ್ಟು ಕಾಣುವಾಗಲೇ ಕಾಲು ತೆಗೆಯಲು ಕಲಿತ. ಇಳಿಜಾರಿನಲ್ಲಿ ಗೇರು ತೆಗೆದು, ಇಂಜಿನ್ ಆರಿಸಿ, ಕಾರನ್ನು ಅದರ ಪಾಡಿಗೆ ಬಿಡುವುದನ್ನೂ ಕಲಿತ. ಹಾಗೆ ಮಾಡಬಾರದು ಅಂತ ಬಲ್ಲವರು ಹೇಳುತ್ತಾರೆ, ಅವತ್ತು ಬಲ್ಲವರು ಯಾರೂ ಹತ್ತಿರ ಇರಲಿಲ್ಲ. ಆರನೆಯ ದಿನ ಒಂದು ತೊಟ್ಟು ಚೆಲ್ಲದೆ ಚೊಂಬು ಮನೆಗೆ ಬಂತು. ಕ್ಯಾತಪ್ಪ ಅಷ್ಟನ್ನೂ ಒಬ್ಬನೇ ಕುಡಿದ.

ಪರೀಕ್ಷೆಯ ದಿನ ಆಷಾಢದ ಗಾಳಿ ಹುಯ್ಯೆಂದು ಬೀಸುತ್ತಿತ್ತು. ಬಿತ್ತನೆ ಕಡಲೆಕಾಯಿ ನೋಡುವ ನೆಪ ಇಟ್ಟುಕೊಂಡು ರೇಣುಕಯ್ಯ ಹೊರಟ. ಅವನ ತಯಾರಿ ಹೇಳಬಾರದು, ಹೇಳದಿದ್ದರೆ ಕತೆ ಸಾಗದು. ಹಿಂದಿನ ದಿನ ಉಪವಾಸ. ಬೆಳಿಗ್ಗೆ ಎರಡು ಸಲ ಚೊಂಬು ಹಿಡಿದು ಬೇಲಿ ಕಡೆ ಹೋಗಿಬಂದ. ಕಾರು ಹತ್ತುವಾಗ ಚಪ್ಪಲಿಯನ್ನೂ ಮಿಲ್ಲಿನ ಬಾಗಿಲಲ್ಲೇ ಬಿಟ್ಟ. ಬಂಕಿನಲ್ಲಿ ಟ್ಯಾಂಕು ಕುತ್ತಿಗೆಮಟ್ಟ ತುಂಬಿಸಿ, ಕಿಲೋಮೀಟರ್ ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡ.

ಕ್ಯಾತಪ್ಪ ಬೆಣ್ಣೆಯ ಹಾಗೆ ಹೊರಟ. ಬಡವನಹಳ್ಳಿ ಬಂತು, ಹೋಯಿತು. ಬ್ರೇಕಿನ ಸುದ್ದಿಗೇ ಹೋಗಲಿಲ್ಲ. ಹಿಂದಿನಿಂದ ಬಸ್ಸು ಬಂತು, ದಾರಿ ಬಿಟ್ಟ, ಲಾರಿ ಬಂತು, ದಾರಿ ಬಿಟ್ಟ, ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ಏರಿನಲ್ಲಿ ಹಿಂದೆ ಹಾಕಿ, ತಿರುಗಿ ನೋಡಿ, "ಕೆಟ್ಟೋಗೈತಾ ಅಣ್ಣಾ?" ಅಂತ ಕನಿಕರದಿಂದ ಕೇಳಿ ಮುಂದೆ ಹೋದ. ಕ್ಯಾತಪ್ಪ ಮೀಸೆ ಕಚ್ಚಿ ಸಹಿಸಿಕೊಂಡ. ಮಾನ ಹೋದರೆ ಹೋಗಲಿ, ಪೆಟ್ರೋಲ್ ಉಳಿಯಲಿ.

ಹಟ್ಟಿಗೆ ಮುಂಚೆ ಒಂದು ಉದ್ದ ಇಳಿಜಾರು. ಇಂಜಿನ್ ಆರಿಸಿದ. ಕಾರು ಸದ್ದಿಲ್ಲದೆ ಜಾರಿತು. ರೇಣುಕಯ್ಯ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, "ಆಹಾ, ಪುಕ್ಕಟೆ! ಇದು ಪುಕ್ಕಟೆ ಕಣಯ್ಯ!" ಅನ್ನುತ್ತಿದ್ದ. ತಿರುವು ದಾಟಿತು. ಅಯ್ಯಯ್ಯೋ! ರಸ್ತೆ ತುಂಬ ಕುರಿ. ಬೋರಣ್ಣನ ಎಂಬತ್ತು ಕುರಿ, ನೆಮ್ಮದಿಯಾಗಿ, ಇಂಜಿನ್ನಿನ ಸದ್ದೇ ಇಲ್ಲವಾದ್ದರಿಂದ ಕಿವಿಯನ್ನೂ ಆಡಿಸದೆ ನಿಂತಿದ್ದವು.

ಹಾರ್ನ್ ಮುಟ್ಟಿದರೆ ಕೈ ಕತ್ತರಿಸುತ್ತಾನೆ. ಬ್ರೇಕ್ ತುಳಿದು ನಿಲ್ಲಿಸಿದರೆ ಇಳಿಜಾರಿನ ಪುಕ್ಕಟೆ ಓಟವೆಲ್ಲ ಮಣ್ಣುಪಾಲು. ಕ್ಯಾತಪ್ಪ ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿ, ಎಂಟು ವರ್ಷದಿಂದ ಬಾಯಲ್ಲಿ ಬರದಿದ್ದ ಕೂಗನ್ನು ಕೂಗಿದ.

"ಟ್ರ್ರ್ರ್ ಹಾ! ಟ್ರ್ರ್ರ್ ಹಾ!"

ಇಲ್ಲಿ ಒಂದು ವಿಷಯ ಹೇಳಬೇಕು. ಬೋರಣ್ಣನ ಹಟ್ಟಿಯಲ್ಲಿ ಕುರಿಗೆ ಎರಡು ಕೂಗು. ದಾರಿ ಬಿಡಿ ಅನ್ನುವುದಕ್ಕೆ "ಹೇಯ್ ಛೋ". ಸಂಜೆಯಾಯಿತು, ನನ್ನ ಹಿಂದೆ ಮನೆಗೆ ಬನ್ನಿ ಅನ್ನುವುದಕ್ಕೆ "ಟ್ರ್ರ್ರ್ ಹಾ". ಕ್ಯಾತಪ್ಪನಿಗೆ ಕುರಿ ಕಾಯುವುದರಲ್ಲಿ ಇಷ್ಟವಿದ್ದದ್ದು ಮನೆಗೆ ಹೊರಡುವ ಹೊತ್ತೊಂದೇ. ಹಾಗಾಗಿ ನಾಲಿಗೆಯಲ್ಲಿ ಉಳಿದದ್ದೂ ಅದೊಂದೇ ಕೂಗು.

ಎಂಬತ್ತು ತಲೆಗಳು ಒಟ್ಟಿಗೆ ಎದ್ದವು. ಬೆಳಗಿನ ಹತ್ತು ಗಂಟೆಗೇ ಸಂಜೆಯಾಯಿತೇ ಅಂತ ಅವು ಯೋಚಿಸಲಿಲ್ಲ, ಕುರಿಗಳಲ್ಲವೇ. ಎರಡು ಪಾಲಾಗಿ ಕಾರಿಗೆ ದಾರಿ ಕೊಟ್ಟು, ಕಾರು ದಾಟಿದ ಕೂಡಲೇ ಸಾಲಾಗಿ ಹಿಂದೆ ಬಿದ್ದವು. ಇಳಿಜಾರು ಮುಗಿಯಿತು. ಮುಂದೆ ಶಿರಾ ಸಂತೆಯ ಎತ್ತಿನಗಾಡಿಗಳ ಸಾಲು. ಅವುಗಳ ಹಿಂದೆ ಕ್ಯಾತಪ್ಪ ಇಂಜಿನ್ ಹಚ್ಚಿ, ಕುರಿಯ ನಡಿಗೆಯಲ್ಲೇ ಹೊರಟ. ಜೋರಾಗಿ ಓಡಿಸಿ ತಪ್ಪಿಸಿಕೊಳ್ಳೋಣವೆಂದರೆ ಗಾಡಿಗಳ ನಡುವೆ ಜಾಗವಿಲ್ಲ, ಪೆಟ್ರೋಲಿಗೆ ಮನಸ್ಸಿಲ್ಲ. ಹಿಂದೆ ಎಂಬತ್ತು ಕುರಿ, ಕುರಿಯ ಹಿಂದೆ ಕಂಬಳಿ ಬೀಸುತ್ತ, ಬಾಯಿಗೆ ಬಂದದ್ದೆಲ್ಲ ಬೈಯುತ್ತ ಬೋರಣ್ಣ.

ಈ ಮೆರವಣಿಗೆ ಶಿರಾ ಮಂಡಿಯ ಮುಂದೆ ನಿಂತಾಗ, ಕಡಲೆಕಾಯಿ ವರ್ತಕ ಬುಡೇನ್ ಸಾಬರು ಎದ್ದು ಬಂದು ಎರಡು ಕುರಿಗಳ ಬೆನ್ನು ಒತ್ತಿ ನೋಡಿ, "ಅಚ್ಛಾ ಮಾಲು. ಸಾವ್ಕಾರ್ರು ಕುರಿ ವ್ಯಾಪಾರ ಯಾವಾಗ್ ಶುರು ಮಾಡಿದ್ರಿ?" ಅಂದರು.

ರೇಣುಕಯ್ಯ ಬರಿಗಾಲಲ್ಲಿ ಇಳಿದು ಗಂಭೀರವಾಗಿ ನಿಂತ. "ಕುರಿ ನಮ್ಮದಲ್ಲ ಸಾಬ್ರೇ. ನಮ್ಮ ಕಾರು ಅಷ್ಟು ನಯವಾಗಿ ಹೋಗ್ತದೆ, ಕುರಿಗಳೂ ಹಿಂದೆ ಬರ್ತವೆ. ಲೀಟರಿಗೆ ಹತ್ತು ಕೊಡ್ತದೆ."

"ಹತ್ತು! ತೌಬಾ ತೌಬಾ!" ಸಾಬರು ಕುರಿ ಬಿಟ್ಟು ಕಾರಿನ ಬೆನ್ನು ಒತ್ತಿ ನೋಡಿದರು.

ಅಷ್ಟರಲ್ಲಿ ಏದುಸಿರು ಬಿಡುತ್ತ ಬೋರಣ್ಣ ಬಂದ. ಅಳಿಯನ ಕಿಟಕಿಗೆ ಮುಖ ತಂದು, "ನನ್ನ ಕುರಿ ನಿನ್ನ ಕೂಗು ಮರ್ತಿಲ್ಲ ಕಣ್ಲಾ. ಬಾ, ಬಾ. ಆ ಡಬ್ಬ ಇನ್ನೆಷ್ಟು ದಿನ, ನಾನೂ ನೋಡ್ತೀನಿ" ಅಂದ. ಕ್ಯಾತಪ್ಪ ಕಿಟಕಿಯ ಗಾಜು ಏರಿಸಿಕೊಂಡ.

ಬರುವಾಗ ಗಾಳಿ ಬೆನ್ನಿಗಿತ್ತು. ಪುಕ್ಕಟೆ ಸಿಕ್ಕ ಗಾಳಿಯನ್ನು ಬಿಡುವ ಮನುಷ್ಯನೇ ರೇಣುಕಯ್ಯ? ತನ್ನ ಪಂಚೆಯ ಎರಡು ತುದಿಯನ್ನು ಎರಡೂ ಕಿಟಕಿಗೆ ಕಟ್ಟಿ, ಹಾಯಿಯ ಹಾಗೆ ಹಿಡಿದು, ಬರೀ ಚಡ್ಡಿಯಲ್ಲಿ ಕೂತು ಮಧುಗಿರಿಯವರೆಗೂ ಬಂದ. ಬಂಕಿನಲ್ಲಿ ಪೆಟ್ರೋಲ್ ಹಾಕುವವನು ಸಾಹುಕಾರನನ್ನು ನೋಡದಂತೆ ಮುಖ ತಿರುಗಿಸಿ ಪೈಪು ಹಿಡಿದ. ಐದು ಲೀಟರ್. ಆರು. ಏಳು. ಕ್ಯಾತಪ್ಪ ಗಣಪತಿಯ ವಿಗ್ರಹವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಏಳೂವರೆ. ಗುಳುಗುಳು ಅಂದು ಪೆಟ್ರೋಲು ಟ್ಯಾಂಕಿನ ಬಾಯಿಗೆ ಬಂತು.

"ಗೆದ್ದೆ ಸಾವ್ಕಾರ್ರೇ!" ಅಂತ ಕ್ಯಾತಪ್ಪ ಕೂಗಿದ್ದು ಮಧುಗಿರಿ ಬೆಟ್ಟಕ್ಕೆ ಬಡಿದು ವಾಪಸು ಬಂತು. ರೇಣುಕಯ್ಯ ಚಡ್ಡಿಯಲ್ಲೇ ಅವನನ್ನು ತಬ್ಬಿಕೊಂಡ. ಆ ರಾತ್ರಿ ನಾಗಕ್ಕ ಹೋಳಿಗೆ ಮಾಡಿದಳು, ಕ್ಯಾತಪ್ಪ ಅವಳ ತಲೆಗೆ ಹೂ ತಂದ. ಇನ್ನು ಕುರಿಯ ಮುಖ ನೋಡುವ ಹಾಗಿಲ್ಲ ಅಂತ ಇಬ್ಬರೂ ಮನಸಾರೆ ನಕ್ಕರು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಎಂಟನೇ ದಿನ ಕ್ಯಾತಪ್ಪ ಮಿಲ್ಲಿಗೆ ಹೋದರೆ ಕಾರು ನಿಲ್ಲುವ ಜಾಗದಲ್ಲಿ ಒಂದು ಕೋಳಿ ನಿಂತಿತ್ತು.

"ಕಾರೆಲ್ಲಿ ಸಾವ್ಕಾರ್ರೇ?"

"ಬುಡೇನ್ ಸಾಬ್ರು ಬೆಳಿಗ್ಗೆ ಬಂದು ತಗೊಂಡೋದ್ರು ಕಣಯ್ಯ. ಲೀಟರಿಗೆ ಹತ್ತು ಕೊಡೋ ಕಾರು ಅಂದ್ರೆ ಸುಮ್ನೇನಾ? ನಾನು ಕೇಳಿದ್ದಕ್ಕೆ ಎರಡನೇ ಮಾತು ಆಡ್ಲಿಲ್ಲ."

"ಅಯ್ಯೋ! ಎಂಟು ಲೀಟರೊಳಗೆ ಹಿಡಿದ್ರೆ ನೀನೇ ನನ್ನ ಡ್ರೈವರು ಅಂದಿದ್ರಲ್ಲ!"

"ಈಗ್ಲೂ ನೀನೇ ನನ್ನ ಡ್ರೈವರು," ರೇಣುಕಯ್ಯ ಅವನ ಬೆನ್ನು ತಟ್ಟಿದ. "ಯಾರಿಲ್ಲ ಅಂದವ್ರು? ಕಾರು ಇಲ್ಲ, ಅಷ್ಟೇ."

ಕಷ್ಟಪಟ್ಟು ಮೈಲೇಜ್ ತಂದದ್ದೇ ತಪ್ಪಾಯಿತು. ಏಳು ಕೊಡುತ್ತಿದ್ದ ಕಾರನ್ನು ಮಾರುತ್ತೇನೆಂದರೂ ಕೊಳ್ಳುವವರಿರಲಿಲ್ಲ, ಹತ್ತು ಮಾಡಿ ಇವನೇ ಗಿರಾಕಿ ತಂದುಕೊಟ್ಟಿದ್ದ. ಕ್ಯಾತಪ್ಪ ಮನೆಗೆ ಬಂದು ಖಾಕಿ ಅಂಗಿ ಬಿಚ್ಚಿ ಮಡಿಚಿ ಟ್ರಂಕಿನ ತಳಕ್ಕೆ ಹಾಕಿದ. ಅವನು ಅತ್ತ. ಗಂಡಸು ಅಳಬಾರದು ಅಂತೆಲ್ಲ ಹೇಳುವವರು ಹೇಳಿಕೊಳ್ಳಲಿ, ಅವನು ಗೊಳೋ ಅಂತ ಅತ್ತ. ನಾಗಕ್ಕ ಪಾತ್ರೆ ಗಂಟು ಕಟ್ಟಿದಳು. ಎಲೆ ಹಿಡಿದು ಕೊಟ್ಟ ಮಾತು ಇತ್ತಲ್ಲ, ಮಾರನೆಯ ದಿನ ಇಬ್ಬರೂ ಶಿರಾ ಬಸ್ಸು ಹತ್ತಿ ಹಟ್ಟಿಯ ಮುಂದೆ ಇಳಿದರು.

ಬೋರಣ್ಣ ಎಂಟು ವರ್ಷದ ಹಿಂದೆ ಬೇಲಿಗೆ ಒರಗಿಸಿದ್ದ ಅದೇ ಕೋಲನ್ನು ತಂದು ಕೈಗೆ ಕೊಟ್ಟ. ಕುರಿಗಳು ಮಾತ್ರ ನೆಂಟರು ಬಂದಂತೆ ಸಂಭ್ರಮಪಟ್ಟವು.

ಆದರೆ ಈ ಸಲ ಒಂದು ವಿಚಿತ್ರ ನಡೆಯಿತು. ಕ್ಯಾತಪ್ಪನ ಕೈಕಾಲಿಗೆ ಮಜ್ಜಿಗೆ ಚೊಂಬಿನ ಅಭ್ಯಾಸ ಬಿಟ್ಟಿರಲಿಲ್ಲ. ಕುರಿಯನ್ನು ರೊಯ್ಯನೆ ಹೊರಡಿಸುತ್ತಿರಲಿಲ್ಲ, ಕಿರ್ರನೆ ನಿಲ್ಲಿಸುತ್ತಿರಲಿಲ್ಲ. ದೂರದಿಂದಲೇ ಹಳ್ಳ ನೋಡಿ ನಿಧಾನ ಮಾಡುತ್ತಿದ್ದ. ಇಳಿಜಾರಿನಲ್ಲಿ "ನ್ಯೂಟ್ರಲ್" ಅಂದು ಬಿಟ್ಟುಬಿಡುತ್ತಿದ್ದ. ಬಲಕ್ಕೆ ತಿರುಗುವಾಗ ಬಲಗೈ ಚಾಚಿ ತೋರಿಸುತ್ತಿದ್ದ. ಹಿಂದೆ ಯಾರೂ ಇಲ್ಲದಿದ್ದರೂ ತೋರಿಸುತ್ತಿದ್ದ. ಶ್ರಾವಣ ಮುಗಿಯುವ ಹೊತ್ತಿಗೆ ಕುರಿಗಳ ಬೆನ್ನು ಗುಂಡಗಾದವು. ಬೋರಣ್ಣ ದಿನಾ ಸಂಜೆ ಒಂದೊಂದರ ಬೆನ್ನು ಒತ್ತಿ ನೋಡುತ್ತಿದ್ದ, ಅಳಿಯನ ಮುಖ ನೋಡುತ್ತಿದ್ದ. ಸಂಜೆ ರಸ್ತೆಯಲ್ಲಿ ಯಾವುದಾದರೂ ಕಾರು ಹೋದರೆ ಕ್ಯಾತಪ್ಪ ಅದು ಕಣ್ಮರೆಯಾಗುವವರೆಗೂ ನಿಂತು ನೋಡುವುದನ್ನೂ ಅವನು ನೋಡುತ್ತಿದ್ದ.

ಒಂದು ದಿನ ಮಧ್ಯಾಹ್ನ ರಸ್ತೆಯ ಕಡೆಯಿಂದ ಕಪ್ಪು ಕಾರು ಬಂತು. ಸದ್ದಿರಲಿಲ್ಲ. ನ್ಯೂಟ್ರಲ್ಲೂ ಅಲ್ಲ. ಮುಂದೆ ಎರಡು ಎತ್ತು ಕಟ್ಟಿತ್ತು. ಸ್ಟೇರಿಂಗಿನ ಹಿಂದೆ ಬುಡೇನ್ ಸಾಬರ ಬಾಮೈದ ಕೂತಿದ್ದ, ಹಿಂದಿನ ಸೀಟಿನಲ್ಲಿ ಸಾಬರು ಸಿಟ್ಟಿನಿಂದ ಕೆಂಪಾಗಿದ್ದರು. ಹಟ್ಟಿಯ ಬಾಗಿಲಿಗೇ ತಂದು ನಿಲ್ಲಿಸಿದರು.

"ಏನಯ್ಯಾ ಡ್ರೈವರ್! ಧೋಕಾ ಮಾಡ್ಬಿಟ್ರಲ್ಲ ನೀವು! ಹತ್ತು ಅಂದ್ರಿ, ಐದು ಕೊಡ್ತಾ ಐತೆ. ದಾರೀಲಿ ಖಾಲಿ ಆಗಿ ಇವತ್ತಿಗೆ ಮೂರನೇ ಸಲ ಎತ್ತು ಕಟ್ಟಿದ್ದು. ಹೇಳು, ಬಾಕಿ ಐದು ಕಿಲೋಮೀಟ್ರು ಎಲ್ಲಿಟ್ಟಿದ್ದೀಯ?"

ಕ್ಯಾತಪ್ಪ ತುಟಿ ಬಿಚ್ಚುವ ಮೊದಲೇ ಬೋರಣ್ಣ ಕಂಬಳಿ ಕೊಡವಿ ಎದ್ದ.

"ಸಾಬ್ರೇ, ನನ್ನ ಅಳಿಯಂಗೆ ಧೋಕಾ ಅನ್ಬ್ಯಾಡಿ. ಬನ್ನಿ ಇಲ್ಲಿ, ಈ ಕುರಿ ಬೆನ್ನು ಒತ್ತಿ. ಹೋದ ಸಲ ಒತ್ತಿದ್ರಂತಲ್ಲ, ಈಗ ಒತ್ತಿ. ಹೆಂಗೈತೆ?"

ಸಾಬರು ಸಿಟ್ಟಿನಲ್ಲೇ ಒತ್ತಿದರು. ಸಿಟ್ಟು ಅರ್ಧ ಇಳಿಯಿತು. "ಕ್ಯಾ ಬಾತ್ ಹೈ! ಡಬಲ್ ಆಗೈತೆ."

"ಕುರಿ ಅದೇ, ಹುಲ್ಲೂ ಅದೇ. ಕಾಯೋನು ಬ್ಯಾರೆ. ನೀವು ಮಂದೆ ಕೊಂಡ್ಕೊಂಡು ಕಾಯೋನ್ನ ಇಲ್ಲೇ ಬುಟ್ಟೋಗಿದ್ದೀರಿ. ನಿಮ್ಮ ಬಾಮೈದ ಓಡಿಸ್ತಾವ್ನೆ, ಇವನು ನಡೆಸ್ತಿದ್ದ. ಬಾಕಿ ಐದು ಎಲ್ಲೂ ಹೋಗಿಲ್ಲ, ಇವನ ಕಾಲಾಗೈತೆ."

ಸಾಬರು ಕ್ಯಾತಪ್ಪನ ಕಾಲನ್ನೇ ಎರಡು ನಿಮಿಷ ನೋಡಿದರು. ಆಮೇಲೆ, "ಬರ್ತೀಯೇನಯ್ಯಾ ನಮ್ಮ ಕಾರಿಗೆ?" ಅಂದರು.

ಕ್ಯಾತಪ್ಪನ ಎದೆ ಹಾರಿ ಬಾಯಿಗೆ ಬಂತು. ಬಂದದ್ದನ್ನು ನುಂಗಿಕೊಂಡ. "ಇಲ್ಲ ಸಾಬ್ರೇ. ಡಬ್ಬ ಹೋದ್ರೆ ಕುರಿ ಹಿಂದೆ ನಿಲ್ತೀನಿ ಅಂತ ಎಲೆ ಹಿಡಿದು ಮಾತು ಕೊಟ್ಟೀನಿ." ಹೇಳಿ ಕೋಲನ್ನು ಗಟ್ಟಿಯಾಗಿ ಹಿಡಿದು ನೆಲ ನೋಡಿದ. ನಾಗಕ್ಕ ಅಪ್ಪನನ್ನು ನೋಡಿದಳು.

ಬೋರಣ್ಣ ಎಲೆ ಅಡಿಕೆ ಚೀಲ ಬಿಚ್ಚಿದ, ಒಂದು ಎಲೆಗೆ ಸುಣ್ಣ ಹಚ್ಚಿದ, ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಎತ್ತು ಕಟ್ಟಿದ ಕಾರನ್ನು ಮೇಲಿಂದ ಕೆಳಗೆ ನೋಡಿದ.

"ಡಬ್ಬ ಹೋದ ದಿನ ಅಂದಿದ್ದೆ," ಅಂದ. "ಎಲ್ಲೋಗೈತೆ ಡಬ್ಬ? ನನ್ನ ಬಾಗ್ಲಾಗೇ ನಿಂತೈತಲ್ಲ." ಕೈ ಚಾಚಿ ಅಳಿಯನ ಕೈಯಿಂದ ಕೋಲು ಇಸಿದುಕೊಂಡ.

ನಾಗಕ್ಕ ಒಳಗೆ ಓಡಿ ಟ್ರಂಕಿನ ತಳದಿಂದ ಖಾಕಿ ಅಂಗಿ ತಂದಳು. ಎತ್ತು ಬಿಚ್ಚಿದರು, ಶಿರಾದಿಂದ ಡಬ್ಬಿಯಲ್ಲಿ ಪೆಟ್ರೋಲ್ ತರಿಸಿ ಹುಯ್ದರು, ಬಾಮೈದ ಮುಖ ಸಣ್ಣಗೆ ಮಾಡಿಕೊಂಡು ಪಕ್ಕಕ್ಕೆ ಸರಿದ. ಕ್ಯಾತಪ್ಪ ಕೂತು, ಎಕ್ಸ್‌ಲೇಟರನ್ನು ಹಸುಗೂಸಿನ ಕೆನ್ನೆ ಮುಟ್ಟಿದಂತೆ ಮುಟ್ಟಿದ. ಕಾರು ಹೊರಟಿತು. ಎದುರಿಗೆ ದಾರಿ ತುಂಬ ಅದೇ ಎಂಬತ್ತು ಕುರಿ. ಅಭ್ಯಾಸಬಲ, ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾಲಿಗೆ ಮಡಿಸಿ, "ಟ್ರ್ರ್..." ಅನ್ನುವಷ್ಟರಲ್ಲಿ ಹಿಂದಿನಿಂದ ಬೋರಣ್ಣನ ದೊಡ್ಡ ದನಿ ಕೇಳಿಸಿತು.

"ಕೂಗ್ಬ್ಯಾಡಿ! ನನ್ನ ಕುರಿ ನನಗೆ ಬೇಕು! ಹಾರ್ನ್ ಹೊಡ್ಕೊಂಡು ಹೋಗಿ, ಡ್ರೈವರ್ರೇ!"

ಕ್ಯಾತಪ್ಪ ಹಾರ್ನ್ ಹೊಡೆದ. ಕುರಿಗಳು ಸರಿದು ದಾರಿ ಬಿಟ್ಟ ಮೇಲೂ ಹೊಡೆದ. ಪೆಟ್ರೋಲ್ ಎಷ್ಟಾದರೂ ಖರ್ಚಾಗಲಿ ಅಂತ ಶಿರಾ ಮುಟ್ಟುವವರೆಗೂ ಹೊಡೆಯುತ್ತಲೇ ಹೋದ.